ಇಳಿಯೋದಿಲ್ಲ ಅನ್ನೋ ಧೈರ್ಯ
(ತೆಲಿಗಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ದುಡಿಯುವವರ ಕೆಲಸದ ಜಾಗ ಆರೋಗ್ಯವಾಗಿರಬೇಕು, ಅದರ ಬಗ್ಗೆ ಮಾತಾಡಿ ಅಂದಿದ್ದೀರಿ. ಕೆಲಸದ ಜಾಗ ಅಂದ ಕೂಡಲೆ ಫ್ಯಾನು, ಮೇಜು, ಕುರ್ಚಿ ಕಣ್ಣಿಗೆ ಬರ್ತದೆ. ಅಂಥ ಕುರ್ಚಿಗಾಗಿಯೇ ನೀವು ಓದ್ತಾ ಇದ್ದೀರಿ. ಸಿಗಲಿ. ಆದರೆ ಬೆಳಗಿನ ಮೊದಲ ಬಸ್ಸಿಗೆ ಹರಪನಹಳ್ಳಿಗೋ ಕೊಟ್ಟೂರಿಗೋ ಹೋಗಿ ಇಳಿದು ನೋಡಿ. ಅಷ್ಟೊತ್ತಿಗೆ ಬೀದಿ ಗುಡಿಸೋರು ಅರ್ಧ ಕೆಲಸ ಮುಗಿಸಿರ್ತಾರೆ. ಅವರ ಕೆಲಸದ ಜಾಗ ಯಾವುದು? ಚರಂಡಿ, ಕಸದ ಗಾಡಿ, ಸಂತೆ ಮುಗಿದ ಮಾರನೆ ದಿನದ ಬಯಲು. ಬಾಯಾರಿದರೆ ನೀರೆಲ್ಲಿ? ಹೆಣ್ಣುಮಕ್ಕಳು ಒಂದಕ್ಕೆ ಎಲ್ಲಿಗೆ ಹೋಗಬೇಕು? ಊರಿನ ಕೊಳೆ ತೆಗೆಯೋರಿಗೆ ಹೋಗೋಕೆ ಕಕ್ಕಸಿಲ್ಲ ಅಂದರೆ ಅವರು ನೀರು ಕುಡಿಯೋದನ್ನೇ ಬಿಡ್ತಾರೆ. ಆಮೇಲೆ ಉರಿಮೂತ್ರ, ಆಮೇಲೆ ಡಾಕ್ಟರು. ಗುತ್ತಿಗೆ ಕೂಲಿಗಳಿಗೆ ಕುಡಿಯೋ ನೀರು, ಕಕ್ಕಸು ಕೊಡಬೇಕು ಅಂತ 1970ರ ಕಾಯ್ದೆಯಲ್ಲೇ ಬರೆದಿತ್ತು. ಬರೆದಿದ್ದಕ್ಕೇನೂ ನಮ್ಮ ದೇಶದಲ್ಲಿ ಬರಗಾಲವಿಲ್ಲ.

ತಲೆ ಮೇಲೆ ಮಲ ಹೊರೋದನ್ನು ನಿಲ್ಲಿಸಬೇಕು ಅಂತ 1970ರ ದಶಕದಲ್ಲೇ ಮಂತ್ರಿ ಬಿ. ಬಸವಲಿಂಗಪ್ಪನವರು ಹಟ ಹಿಡಿದರು. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ ಬಂತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಅಂದಿತು. 1993ರಲ್ಲಿ ಕೇಂದ್ರದ ಕಾನೂನು. ಇಷ್ಟೆಲ್ಲ ಆದ ಮೇಲೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಪುರಸಭೆಯ ಮುಂದೆ, ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಹೊರಿಸಿದಾಗ ಬಾರದ ಅಸಹ್ಯ ಅವತ್ತೊಂದು ದಿನ ಊರಿಗೆ ಬಂತು.

ಈಗ ಗುಂಡಿಯ ಮಾತಿಗೆ ಬರ್ತೀನಿ. ನಿಮ್ಮಲ್ಲಿ ಸೈನ್ಸ್ ಓದೋರಿದ್ದೀರಿ, ಕೇಳಿ. ಮುಚ್ಚಿದ ಕಕ್ಕಸು ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಗಾಳಿಗಿಂತ ಭಾರ, ತಳದಲ್ಲಿ ಕೂತಿರ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಅದು ಮೂಗನ್ನೇ ಸಾಯಿಸ್ತದೆ, ವಾಸನೆಯೇ ಗೊತ್ತಾಗೋದಿಲ್ಲ. ವಾಸನೆ ಹೋಯ್ತು, ಇನ್ನು ಪರವಾಗಿಲ್ಲ ಅಂತ ಒಳಗಿದ್ದವನು ಅಂದುಕೊಳ್ಳೋ ಹೊತ್ತಿಗೆ ಅವನು ಬಿದ್ದಿರ್ತಾನೆ. ಅವನನ್ನು ಎತ್ತೋಕೆ ತಮ್ಮನೋ ಮಗನೋ ಇಳೀತಾನೆ. ಎರಡು ಹೆಣ. ಮೂಗಿಗೆ ಕಟ್ಟಿದ ಬಟ್ಟೆ ಈ ಗಾಳಿಯನ್ನು ತಡೆಯೋದಿಲ್ಲ. ಪೌರಕಾರ್ಮಿಕರಿಗೆ ಮಾಸ್ಕು, ಗ್ಲೌಸು ಹಂಚಿ ಫೋಟೋ ಹೊಡೆಸಿಕೊಳ್ಳೋರಿಗೆ ಇದನ್ನು ಯಾರಾದರೂ ಹೇಳಬೇಕು.

ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಅದು ಜಾರಿಗೆ ಬಂದದ್ದು ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ತಾರೀಖು. ಇಳಿಸಿದವನಿಗೆ ಮೊದಲ ಸಲ 2 ವರ್ಷದವರೆಗೆ ಜೈಲು, ಇಲ್ಲ 2 ಲಕ್ಷದವರೆಗೆ ದಂಡ, ಇಲ್ಲ ಎರಡೂ. ಸತ್ತರೆ 10 ಲಕ್ಷ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ 30 ಲಕ್ಷ ಮಾಡಿತು. ಸತ್ತವನ ದರ ಏರಿತು, ಗುಂಡಿ ಅಲ್ಲೇ ಇದೆ.

ಯಾಕೆ ಇಳೀತಾರೆ ಹಾಗಾದರೆ? ಗೊತ್ತಿಲ್ಲದೆ ಅಲ್ಲ. ಇಳಿಯೋದಿಲ್ಲ ಅಂದರೆ ನಾಳೆ ಕೆಲಸ ಇಲ್ಲ. ಗುತ್ತಿಗೆದಾರನಿಗೆ ಇನ್ನೊಬ್ಬ ಸಿಗ್ತಾನೆ, ಅದೇ ಕೇರಿಯಲ್ಲಿ ಸಿಗ್ತಾನೆ, ಬೇರೆ ಕೇರಿಗೆ ಅವನು ಹುಡುಕಿಕೊಂಡು ಹೋಗೋದೂ ಇಲ್ಲ. ಕೆಲಸದ ಜಾಗದ ಆರೋಗ್ಯ ಅಂದರೆ ನನ್ನ ಪ್ರಕಾರ ಮೊದಲು ಇದು: ಇಳಿಯೋದಿಲ್ಲ ಅಂದವನ ಒಲೆ ಮಾರನೆ ದಿನವೂ ಉರೀಬೇಕು. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತಾಗ ಖಾಯಂ ಮಾಡಿ ಅಂತ ಕೇಳಿದ್ದು ಇದಕ್ಕೇ. ನಾಲ್ಕು ದಿನ ಕಸ ಬಿದ್ದಿದ್ದಕ್ಕೆ ಸರ್ಕಾರ ಮಾತಿಗೆ ಬಂತು.

ನಿಮ್ಮ ಹಾಸ್ಟೆಲಿನ ಗುಂಡಿ ತುಂಬಿದಾಗ ಯಾರು ಬರ್ತಾರೆ? ರಾತ್ರಿ ಹೊತ್ತು ಹಗ್ಗ, ಬಕೆಟ್ ಹಿಡಿದು ಬರೋರು ನಿಮ್ಮ ಮಾವನೋ ಕಾಕನೋ ಆಗಿರಬಹುದು. ಹಾಗಾಗೋ ಮುಂಚೆ ವಾರ್ಡನ್ನರಿಗೆ ಅರ್ಜಿ ಬರೆಯಿರಿ: ಸಕ್ಕಿಂಗ್ ಲಾರಿ ಕರೆಸಿ, ಮನುಷ್ಯರನ್ನು ಇಳಿಸಬೇಡಿ ಅಂತ. ಎಲ್ಲರೂ ಸಹಿ ಹಾಕಿ, ಒಂದು ಪ್ರತಿಗೆ ಸೀಲು ಹೊಡೆಸಿ ಇಟ್ಟುಕೊಳ್ಳಿ. ಲಾರಿ ಬಾಡಿಗೆಗೆ ದುಡ್ಡಿಲ್ಲ ಅಂದರೆ, ಅದನ್ನೂ ಬರೆದು ಕೊಡಿ ಸಾರ್ ಅನ್ನಿ.