ತೆರೆಯ ಹಿಂದಿನ ವಿದ್ಯೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ಏರ್ಪಟ್ಟ ನಾಟಕ ಶಿಕ್ಷಣ ಶಿಬಿರದ ಆರಂಭ ಸಮಾರಂಭದಲ್ಲಿ ಮಾಡಿದ ಭಾಷಣ)

 

ಈ ಶುಭಸಮಯದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಶಿಬಿರಕ್ಕೆ ಹೆಸರು ಕೊಟ್ಟವರ ಪಟ್ಟಿಯನ್ನು ವ್ಯವಸ್ಥಾಪಕರು ನನಗೆ ತೋರಿಸಿದರು. ಅದರಲ್ಲಿ ಪಾತ್ರ ಧರಿಸುವೆವೆಂದು ಬರೆಯಿಸಿದವರೇ ಬಹುಮಂದಿ. ದೀಪ ಹಿಡಿಯುವೆವು, ಪರದೆ ಎಳೆಯುವೆವು, ಬಣ್ಣ ಹಚ್ಚುವೆವು ಎಂದವರು ಅತ್ಯಲ್ಪಮಂದಿ. ಇದು ನಮ್ಮೊಂದು ಊರಿನ ಸಂಗತಿಯಲ್ಲ, ಎಲ್ಲೆಡೆಯಲ್ಲಿಯೂ ಹೀಗೆಯೇ. ಆದಕಾರಣ ಇಂದು ನಾನು ರಂಗದ ಮುಂದಿನವರಿಗಿಂತ ರಂಗದ ಹಿಂದಿನವರನ್ನು ಕುರಿತೇ ಹೆಚ್ಚಾಗಿ ಮಾತನಾಡಲು ಅನುಮತಿ ಬೇಡುವೆನು.

ನಮ್ಮ ಹಳ್ಳಿಗಳಲ್ಲಿ ನಾಟಕವು ನಡೆಯುವ ರೀತಿಯನ್ನು ಮೊದಲು ನೋಡೋಣ. ಜಾತ್ರೆಯು ಸಮೀಪಿಸಿತೆಂದರೆ ಊರಿನ ಉತ್ಸಾಹಿಗಳು ಸೇರಿ ಒಂದು ಪೌರಾಣಿಕವನ್ನೋ ಸಾಮಾಜಿಕವನ್ನೋ ಆರಿಸುವರು. ಹಳೆಯ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಶ್ರೀಕೃಷ್ಣನ ಪಾತ್ರಕ್ಕೆ ಇಷ್ಟು, ದುರ್ಯೋಧನನ ಪಾತ್ರಕ್ಕೆ ಇಷ್ಟು ಎಂದು ಹಣ ಗೊತ್ತಾಗಿರುತ್ತದೆ. ಪಾತ್ರ ಬೇಕಾದವನು ಆ ಹಣವನ್ನು ತಾನೇ ಕೊಡಬೇಕು. ಹಾರ್ಮೋನಿಯಂ ಮಾಸ್ತರರು ಹೊರಗಿನಿಂದ ಬರುವರು. ಸೀನರಿ, ಉಡುಪು, ಕಿರೀಟ, ದೀಪ ಎಲ್ಲವೂ ಬಾಡಿಗೆಗೆ ಬರುವವು. ಸ್ತ್ರೀಪಾತ್ರಗಳಿಗೆ ನಟಿಯರನ್ನು ಸಂಭಾವನೆ ಕೊಟ್ಟು ಕರೆಯಿಸುವರು. ರಾತ್ರಿಯೆಲ್ಲ ಆಟ ನಡೆದು, ಬೆಳಗಾಗುವಷ್ಟರಲ್ಲಿ ಸೀನರಿಯವರು ತಮ್ಮ ಪರದೆಗಳನ್ನು ಸುತ್ತಿ ಲಾರಿಗೆ ಏರಿಸಿ ಹೊರಟುಹೋಗುವರು. ಆ ಲಾರಿಯೊಡನೆ ನಾಟಕದ ವಿದ್ಯೆಯೂ ಊರುಬಿಟ್ಟು ಹೋಗುವುದು. ಊರಿನಲ್ಲಿ ಉಳಿಯುವುದು ನಾಲ್ಕು ಭಾವಚಿತ್ರಗಳು. ಕೆಲವರ ಮನೆಯಲ್ಲಿ ಸಾಲ. ಮುಂದಿನ ವರ್ಷ ಮತ್ತೆ ಮೊದಲಿನಿಂದಲೇ ಆರಂಭ.

ಪ್ರೀತಿಯಿಂದ ದುಡ್ಡು ಹಾಕಿ ನಾಟಕವಾಡುವ ರೈತನನ್ನು ನಾನು ಹಳಿಯುತ್ತಿಲ್ಲ. ಅವನ ಆಸಕ್ತಿಯಿಂದಲೇ ಈ ಕಲೆಯು ಇನ್ನೂ ಜೀವ ಹಿಡಿದಿದೆ. ಆದರೆ ವರ್ಷವರ್ಷವೂ ಹಣ ತೆತ್ತು ಏನನ್ನೂ ಕಲಿಯದೆ ಉಳಿದರೆ ಕಲೆಯು ಊರಿನ ಸ್ವತ್ತಾಗುವುದೆಂತು?

ಹಿಂದೆ ಈ ವಿದ್ಯೆಯು ಹೇಗೆ ಕೈಯಿಂದ ಕೈಗೆ ದಾಟುತ್ತಿತ್ತೆಂಬುದನ್ನು ವಿಚಾರಿಸಿರಿ. ಯಕ್ಷಗಾನದ ಮೇಳಗಳಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಒಮ್ಮೆಗೇ ಅರ್ಜುನನ ವೇಷ ದೊರೆಯುತ್ತಿರಲಿಲ್ಲ. ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿದು, ಚೌಕಿಯಲ್ಲಿ ಹಿರಿಯರು ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತ, ಅವನು ಮೆಲ್ಲಮೆಲ್ಲನೆ ಮೇಲೇರಬೇಕಾಗಿತ್ತು. ವೃತ್ತಿ ನಾಟಕ ಕಂಪೆನಿಗಳೂ ಹಾಗೆಯೇ ಪಾಠಶಾಲೆಗಳಾಗಿದ್ದವು. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಅರಿಯದ ಕನ್ನಡಿಗನಾರು? ಗುಬ್ಬಿ ವೀರಣ್ಣನವರು ಅದರೊಳಗೆ ಬಾಲಕನಾಗಿ ಸೇರಿ, ಕಾಲಾನಂತರ ಅದರ ಒಡೆಯರಾದರು. ಮನೆ ಬಿಟ್ಟು ಬಂದು ಅದೇ ಕಂಪೆನಿಯನ್ನು ಸೇರಿದ ಮತ್ತೊಬ್ಬ ಹುಡುಗನನ್ನು ವೀರಣ್ಣನವರು ಕಾಶಿಗೆ ಕಳುಹಿಸಿ ಓದಿಸಿದರು. ಆ ಹುಡುಗನೇ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ೧೯೮೯ರಲ್ಲಿ ಮೈಸೂರಿನ ರಂಗಾಯಣಕ್ಕೆ ಪ್ರಥಮ ನಿರ್ದೇಶಕರಾದ ಬಿ. ವಿ. ಕಾರಂತರು. ಚಲಚ್ಚಿತ್ರಗಳು ಬಂದು ಕಂಪೆನಿಗಳು ಕ್ಷೀಣಿಸಿದಂತೆ ಈ ಪಾಠಶಾಲೆಗಳೂ ಒಂದೊಂದಾಗಿ ಮುಚ್ಚಿದವು. ಆ ತೆರವನ್ನು ತುಂಬುವುದಕ್ಕಾಗಿಯೇ ಶಿಬಿರಗಳೂ ರಂಗಶಿಕ್ಷಣದ ಸಂಸ್ಥೆಗಳೂ ಅವಶ್ಯಕವಾದವು.

ಆ ದಿಶೆಯಲ್ಲಿ ಎರಡು ಉದಾಹರಣೆಗಳನ್ನು ಮಾತ್ರ ಹೇಳುವೆನು. ಸಾಗರ ತಾಲ್ಲೂಕಿನ ಹೆಗ್ಗೋಡು ಒಂದು ಸಣ್ಣ ಹಳ್ಳಿ. ಅಲ್ಲಿ ೧೯೪೯ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಊರಿನವರ ಹವ್ಯಾಸಕ್ಕಾಗಿ ಹುಟ್ಟಿತು. ಕೆ. ವಿ. ಸುಬ್ಬಣ್ಣನವರ ಪರಿಶ್ರಮದಿಂದ ಅದು ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ೧೯೮೫ರಲ್ಲಿ ‘ತಿರುಗಾಟ’ವೆಂಬ ಸಂಚಾರಿ ತಂಡವನ್ನೂ ಆರಂಭಿಸಿತು. ನಮಗೆ ಇನ್ನೂ ಹತ್ತಿರದ ದೃಷ್ಟಾಂತವು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯದು. ತರಳಬಾಳು ಶಾಖಾಮಠವೊಂದರ ನೆರಳಿನಲ್ಲಿ ಅಲ್ಲಿ ೧೯೮೭ರಲ್ಲಿ ಶಿವಕುಮಾರ ಕಲಾಸಂಘವೂ ೧೯೯೭ರಲ್ಲಿ ‘ಶಿವಸಂಚಾರ’ವೂ ಆರಂಭವಾದವು. ಮಠವೊಂದು ನಾಟಕಕ್ಕೆ ಆಶ್ರಯವಾಗಬಲ್ಲುದೇ ಎಂದು ಸಂಶಯಪಡುವವರಿಗೆ ಅದೇ ಉತ್ತರವು. ಇಂಥ ಸಂಚಾರಿ ತಂಡಗಳಲ್ಲಿ ಗಮನಿಸತಕ್ಕ ವಿಷಯವೊಂದುಂಟು: ರಾತ್ರಿ ರಾಜನಾಗಿ ಮೆರೆಯುವ ನಟನೇ ಮಧ್ಯಾಹ್ನ ಹಲಗೆ ಹೊತ್ತು, ರಂಗ ಕಟ್ಟಿ, ಆಟ ಮುಗಿದ ಮೇಲೆ ಅದನ್ನು ಬಿಚ್ಚುವವನು. ಹಿಂದಿನ ಕೆಲಸವನ್ನು ಬಲ್ಲವನು ಮುಂದೆ ನಿಂತಾಗ ಅಹಂಕಾರಪಡುವುದು ಕಷ್ಟ.

ನಮ್ಮ ಪೂರ್ವಿಕರು ಈ ತತ್ತ್ವವನ್ನು ಅರಿಯದವರಾಗಿರಲಿಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಮಧ್ಯಮ ಪ್ರಮಾಣದ ನಾಟ್ಯಗೃಹಕ್ಕೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲವನ್ನು ವಿಧಿಸಿದೆ. ಅದರ ಅರ್ಧವು ಪ್ರೇಕ್ಷಕರಿಗೆ. ಉಳಿದ ಅರ್ಧವನ್ನು ಪುನಃ ಎರಡಾಗಿ ಭಾಗಿಸಿ, ಮುಂದಿನದು ರಂಗಕ್ಕೂ ಹಿಂದಿನದು ನೇಪಥ್ಯಕ್ಕೂ ಮೀಸಲು. ಎಂದರೆ ಇಡೀ ಮನೆಯ ಕಾಲುಭಾಗವು ಪ್ರೇಕ್ಷಕರ ಕಣ್ಣಿಗೆ ಬೀಳದವರದು! ಅಷ್ಟೇ ಅಲ್ಲ, ಅದೇ ಗ್ರಂಥವು ನಾಟ್ಯಮಂಡಲಿಯ ಸದಸ್ಯರನ್ನು ಎಣಿಸುವಾಗ ನಟ, ಸೂತ್ರಧಾರ, ವಿದೂಷಕರ ಸಾಲಿನಲ್ಲಿಯೇ ಕಿರೀಟ ಮಾಡುವವನನ್ನೂ ಮಾಲೆ ಕಟ್ಟುವವನನ್ನೂ ಚಿತ್ರಕಾರನನ್ನೂ ಬಟ್ಟೆಯ ಮಡಿವಾಳನನ್ನೂ ಹೆಸರಿಸುತ್ತದೆ. ಅವರು ಕೂಲಿಗೆ ಬಂದವರಲ್ಲ, ಮಂಡಲಿಯವರೇ ಎಂಬುದು ಇದರಿಂದ ಸಿದ್ಧವಾಗುವುದು.

ಹಾಗಾದರೆ ಈ ಶಿಬಿರದಲ್ಲಿ ಕಲಿಯತಕ್ಕದ್ದೇನು? ಪಾತ್ರಧಾರಿಗಳು ಮೊದಲು ಕಿವಿಯನ್ನು ಪಳಗಿಸಿಕೊಳ್ಳಲಿ. ಎದುರಿನವನ ಮಾತನ್ನು ಕೇಳದೆ ತನ್ನ ಸರದಿಗಾಗಿ ಕಾಯುವವನು ನಟನಲ್ಲ. ಧ್ವನಿವರ್ಧಕದ ಮುಂದೆ ನಿಂತು ಕೂಗುವ ಅಭ್ಯಾಸವನ್ನು ಬಿಟ್ಟು, ಉಸಿರನ್ನು ಹಿಡಿತದಲ್ಲಿಟ್ಟುಕೊಂಡು ಕೊನೆಯ ಸಾಲಿನವರಿಗೆ ಅಕ್ಷರ ತಿಳಿಯುವಂತೆ ನುಡಿಯಲಿ. ನಾಟಕವನ್ನೆಲ್ಲ ಓದಲಿ, ತನ್ನ ಮಾತುಗಳನ್ನಷ್ಟೇ ಉರುಹೊಡೆಯುವುದು ಸಾಲದು.

ತೆರೆಯ ಹಿಂದಿನವರಿಗೆ ಕಲಿಯಲು ಇನ್ನೂ ಹೆಚ್ಚಿದೆ. ಅವರಲ್ಲೊಬ್ಬನು ರಂಗದ ವ್ಯವಸ್ಥಾಪಕನಾಗಿ, ನಾಟಕದ ಒಂದು ಪ್ರತಿಯಲ್ಲಿ ಯಾವ ಮಾತಿಗೆ ದೀಪ ಕುಗ್ಗಬೇಕು, ಯಾವ ಮಾತಿಗೆ ಪರದೆ ಏಳಬೇಕು ಎಂಬುದನ್ನು ಗುರುತು ಹಾಕಿಕೊಂಡಿರಲಿ. ಆಟದ ಹೊತ್ತಿನಲ್ಲಿ ಅವನ ಮಾತಿಗೆ ಎರಡನೆಯ ಮಾತಿರಕೂಡದು. ರಂಗದ ಸಾಮಾನುಗಳಿಗಾಗಿ ಒಂದು ಮೇಜನ್ನಿರಿಸಿ, ಖಡ್ಗಕ್ಕೆ ಇದು ಸ್ಥಳ, ಪತ್ರಕ್ಕೆ ಇದು ಸ್ಥಳ ಎಂದು ಸೀಮೆಸುಣ್ಣದಿಂದ ಬರೆದಿಟ್ಟರೆ, ಬರಿದಾದ ಜಾಗವೇ ಕಾಣೆಯಾದ ವಸ್ತುವನ್ನು ಹೇಳುವುದು. ಬಣ್ಣದ ವಿಷಯದಲ್ಲಂತೂ ತಿಳಿವಳಿಕೆ ಅಗತ್ಯ. ಹಿಂದಿನವರು ಬಳಸುತ್ತಿದ್ದ ಅರದಾಳದಲ್ಲಿ ಪಾಷಾಣವೂ ಇಂಗಳೀಕದಲ್ಲಿ ಪಾದರಸವೂ ಉಂಟು. ಮುಖಕ್ಕೆ ಹಚ್ಚತಕ್ಕದ್ದು ಯಾವುದು, ಹಚ್ಚಬಾರದ್ದು ಯಾವುದು, ತೆಗೆಯುವ ಕ್ರಮವೆಂತು ಎಂಬುದನ್ನು ಅರಿತವನೇ ಬಣ್ಣದ ಪೆಟ್ಟಿಗೆಯನ್ನು ಮುಟ್ಟಲಿ.

ಮಹಾಶಯರೇ, ನಟನು ಮಾತು ಮರೆತರೆ ಸಭೆಯು ನಕ್ಕು ಸುಮ್ಮನಾಗುವುದು. ದೀಪದವನು ತಪ್ಪಿದರೆ ಪ್ರಾಣವೇ ಹೋದೀತು. ೧೦೦೦ ವಾಟಿನ ಒಂದು ದೀಪವು ನಮ್ಮ ೨೩೦ ವೋಲ್ಟಿನ ವಿದ್ಯುತ್ತಿನಲ್ಲಿ ನಾಲ್ಕು ಆಂಪಿಯರಿಗಿಂತ ಸ್ವಲ್ಪ ಹೆಚ್ಚನ್ನು ಎಳೆಯುವುದು. ೧೬ ಆಂಪಿಯರಿನ ಒಂದು ಪ್ಲಗ್ಗಿಗೆ ಅಂಥ ಮೂರು ದೀಪಗಳು ಸಾಕು. ನಾಲ್ಕನೆಯದನ್ನು ಸೇರಿಸಿದರೆ ಮಿತಿ ಮೀರಿತು, ತಂತಿ ಕಾಯತೊಡಗಿತು. ಈಗಿನ ಎಲ್‌ಇಡಿ ದೀಪಗಳಿಂದ ಈ ಭಾರವು ಬಹಳ ಇಳಿದಿದೆಯಾದರೂ ಲೆಕ್ಕವನ್ನು ಕಲಿಯದೆ ಇರಬಾರದು. ಮೇಲೆ ತೂಗುವ ಪ್ರತಿಯೊಂದು ದೀಪಕ್ಕೂ ಕೊಂಡಿಯಲ್ಲದೆ ಇನ್ನೊಂದು ಉಕ್ಕಿನ ಸರಪಳಿಯಿರಲಿ. ಮರಳಿನ ಬಕೀಟುಗಳು ಕೈಗೆಟುಕುವಂತಿರಲಿ. ವಿದ್ಯುತ್ತಿನ ಬೆಂಕಿಗೆ ನೀರು ಸುರಿಯಬಾರದೆಂಬುದು ಪ್ರತಿಯೊಬ್ಬನಿಗೂ ತಿಳಿದಿರಲಿ.

ಇದು ಅತಿಯಾದ ಭಯವೆಂದು ಯಾರೂ ತಿಳಿಯಕೂಡದು. ಅಮೆರಿಕ ದೇಶದ ಶಿಕಾಗೋ ನಗರದಲ್ಲಿ ೧೯೦೩ನೆಯ ಡಿಸೆಂಬರ್ ೩೦ರಂದು ಇರಾಕ್ವಾ ಎಂಬ ಹೊಸ ನಾಟಕಶಾಲೆಯಲ್ಲಿ ಹಗಲಿನ ಆಟ ನಡೆಯುತ್ತಿತ್ತು. ರಂಗದ ದೀಪವೊಂದರ ಕಿಡಿಯು ಬಟ್ಟೆಯ ಪರದೆಗೆ ತಗಲಿತು. ಬೆಂಕಿಯನ್ನು ತಡೆಯಲೆಂದೇ ಇರಿಸಿದ್ದ ಕಲ್ನಾರಿನ ಪರದೆಯು ನಡುವೆ ಸಿಕ್ಕಿಕೊಂಡು ಕೆಳಗಿಳಿಯಲಿಲ್ಲ. ಹೊರಬಾಗಿಲುಗಳಲ್ಲಿ ಹಲವಕ್ಕೆ ಬೀಗ. ಇಂಥ ಸಮಯದಲ್ಲಿ ಮಾಡತಕ್ಕದ್ದೇನೆಂಬ ಅಭ್ಯಾಸವನ್ನು ಅಲ್ಲಿಯ ನೌಕರರಿಗೆ ಯಾರೂ ಮಾಡಿಸಿರಲಿಲ್ಲ. ಆರುನೂರಕ್ಕೂ ಮಿಕ್ಕು ಜನರು ಮಡಿದರು. ಅವರಲ್ಲಿ ತಾಯಂದಿರೂ ಮಕ್ಕಳೂ ಬಹುಮಂದಿ. ಕಟ್ಟಡಕ್ಕೆ ಹಣದ ಕೊರತೆಯಿರಲಿಲ್ಲ, ಕೊರತೆಯಿದ್ದುದು ಶಿಕ್ಷಣಕ್ಕೆ. ಬಟ್ಟೆಯ ಚಪ್ಪರದಡಿಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ನಾಟಕ ನೋಡುವ ನಾವು ಈ ಪಾಠವನ್ನು ಮರೆಯಲಾಗದು.

ಇನ್ನೊಂದು ವಿಷಯ. ಸ್ತ್ರೀಪಾತ್ರಕ್ಕೆ ದೂರದಿಂದ ಬಂದ ನಟಿಯು ಒಂದು ರಾತ್ರಿ ನಮ್ಮ ಊರಿಗೆ ಸೀತೆಯಾಗಿ, ದ್ರೌಪದಿಯಾಗಿ ದುಡಿಯುವಳು. ಅವಳಿಗೆ ಉಡುಪು ಬದಲಿಸಲು ಮರೆಯಾದ ಕೋಣೆ, ಸಮಯಕ್ಕೆ ಊಟ, ಗೌರವದ ಮಾತು, ಬೆಳಿಗ್ಗೆ ಕ್ಷೇಮವಾಗಿ ಹಿಂದಿರುಗುವ ಏರ್ಪಾಡು — ಇವುಗಳನ್ನು ನೋಡಿಕೊಳ್ಳುವುದೂ ತೆರೆಯ ಹಿಂದಿನವರ ಕರ್ತವ್ಯವೇ. ಇದು ಸರಿಯಾದ ಊರಿನಲ್ಲಿ ನಮ್ಮ ಹೆಣ್ಣುಮಕ್ಕಳೂ ನಿರ್ಭಯವಾಗಿ ರಂಗಕ್ಕೆ ಬರುವರು. ಈ ಶಿಬಿರಕ್ಕೆ ಹೆಸರು ಕೊಟ್ಟ ಸಹೋದರಿಯರಿಗೆ ಬರಿಯ ಹೂಮಾಲೆಯ ಕೆಲಸವನ್ನು ಕೊಡದೆ, ದೀಪದ ಲೆಕ್ಕವನ್ನೂ ವ್ಯವಸ್ಥೆಯ ಪುಸ್ತಕವನ್ನೂ ಒಪ್ಪಿಸಿರೆಂದು ಶಿಕ್ಷಕರಲ್ಲಿ ಬಿನ್ನವಿಸುವೆನು.

ಶಿಬಿರದ ಕೊನೆಯ ದಿನ ಒಂದು ನಾಟಕವಾಗುವುದು, ಚಪ್ಪಾಳೆಗಳೂ ಬೀಳುವುವು. ಆದರೆ ಶಿಬಿರವು ಸಫಲವಾಯಿತೋ ಇಲ್ಲವೋ ಎಂಬುದು ಆ ದಿನ ತಿಳಿಯದು. ಮುಂದಿನ ಜಾತ್ರೆಯಲ್ಲಿ ತಿಳಿಯುವುದು. ಆಗ ಊರಿನ ಬಡಗಿಯು ಕಟ್ಟಿದ ರಂಗದ ಮೇಲೆ, ಊರಿನ ದರ್ಜಿಯು ಹೊಲಿದ ಉಡುಪಿನಲ್ಲಿ, ಊರಿನ ಹುಡುಗ ಹುಡುಗಿಯರು ನಡೆಸಿದ ದೀಪಗಳ ಬೆಳಕಿನಲ್ಲಿ, ಯಾರ ಹೊಲವೂ ಅಡವಿಗೆ ಬೀಳದೆ ನಾಟಕವು ನಡೆದರೆ ಶಿಬಿರವು ಸಾರ್ಥಕ. ಹಾಗಾಗದೆ ಮತ್ತೆ ಬಾಡಿಗೆಯ ಲಾರಿಯೇ ಬಂದರೆ, ನಾವು ಇಲ್ಲಿ ಮಾಡಿದ್ದು ಕೆಲವು ದಿನಗಳ ಸಂತೋಷಕೂಟವಷ್ಟೆ.

ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತನ್ನು ಈ ಪೀಠದ ಭಕ್ತರಿಗೆ ನಾನು ಹೇಳಬೇಕಾದುದಿಲ್ಲ. ಅದನ್ನು ಹಗ್ಗ ಹಿಡಿದ ಕೈಗೂ ಅನ್ವಯಿಸಿ ನೋಡಿರೆಂದಷ್ಟೇ ನನ್ನ ಪ್ರಾರ್ಥನೆ. ಪಾತ್ರಕ್ಕೆಂದು ಹೆಸರು ಬರೆಯಿಸಿದ ತರುಣರಲ್ಲಿ ಪ್ರತಿಯೊಬ್ಬರೂ ಒಂದೊಂದು ಹಿಂದಿನ ಕೆಲಸವನ್ನೂ ಇಂದೇ ಆರಿಸಿಕೊಂಡು, ವ್ಯವಸ್ಥಾಪಕರಲ್ಲಿ ಬರೆಯಿಸಿ, ಆಮೇಲೆ ಪ್ರಸಾದಕ್ಕೆ ಏಳಿರಿ.