ಕಾಲೇಜಿನ ಹೆಸರೂ ಡಾಕ್ಟರ್ ಸೀಟೂ



ನಮ್ಮಲ್ಲಿ ನೀಟ್ ರ‍್ಯಾಂಕ್ ಬಂದರೆ ಮುಗಿಯಿತು. ಹುಡುಗ ಪಿಯುಸಿ ಓದಿದ್ದು ಮಂಗಳೂರಿನಲ್ಲೋ ಯಾದಗಿರಿಯಲ್ಲೋ ಎಂದು ಕೌನ್ಸೆಲಿಂಗ್‌ನಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ವೈದ್ಯಕೀಯ. ಹಾಗಾಗಿ ಅಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಒಂದೇ ಚರ್ಚೆ: ಸಾಲ ಮಾಡಿಯಾದರೂ ಮಗಳನ್ನು ಹೆಸರುವಾಸಿ ವಿಶ್ವವಿದ್ಯಾಲಯಕ್ಕೆ ಸೇರಿಸಬೇಕೇ, ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯ ಸಾಲದೇ?

ಹೆಸರಿಗೆ ಬೆಲೆಯೇ ಇಲ್ಲ ಎನ್ನಲಾರೆ. ದೊಡ್ಡ ಕಡೆ ಪ್ರಯೋಗಾಲಯ, ಆಸ್ಪತ್ರೆ ಎಲ್ಲ ಕೈಗೆಟುಕುವಷ್ಟು ಹತ್ತಿರ. ಆದರೆ ವೈದ್ಯಕೀಯ ಕಾಲೇಜಿನ ಅರ್ಜಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಪದವಿಯ ಅಂಕ ಮತ್ತು 472ರಿಂದ 528ರವರೆಗೆ ಅಳೆಯುವ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಿಂದ 2014ರವರೆಗೆ 'ಎ' ಶ್ರೇಣಿಯನ್ನು ಶೇ. 35ರ ಸುಮಾರಿಗೆ ಕಟ್ಟಿಹಾಕಲು ನೋಡಿತ್ತು. ಅಂಥಲ್ಲಿ ಓದಿದವರಿಗೆ ಹೆಸರು ಸಿಕ್ಕಿತು, ಅಂಕಕ್ಕೆ ಪರದಾಟ.

ಇನ್ನು ಕಾಲೇಜುಗಳು ಹೊಗಳಿಕೊಳ್ಳುವ ಲೆಕ್ಕ. 'ನಮ್ಮಲ್ಲಿ ಓದಿ ವೈದ್ಯಕೀಯಕ್ಕೆ ಅರ್ಜಿ ಹಾಕಿದವರಲ್ಲಿ ಬಹುಪಾಲು ಮಂದಿಗೆ ಸೀಟು' ಎನ್ನುತ್ತಾರೆ. ಕೆಲವು ಕಾಲೇಜುಗಳಲ್ಲಿ ಅಧ್ಯಾಪಕರ ಸಮಿತಿಯೊಂದು ಶಿಫಾರಸು ಪತ್ರ ಬರೆಯುತ್ತದೆ. ದುರ್ಬಲರೆನಿಸಿದವರಿಗೆ ಪತ್ರವೇ ಇಲ್ಲ, ಇದ್ದರೂ ಉತ್ಸಾಹವಿಲ್ಲ. ಅದಕ್ಕೂ ಮೊದಲೇ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸೋತು ಬೇರೆ ದಾರಿ ಹಿಡಿದವರು ಎಷ್ಟೋ. ಜೊಳ್ಳು ತೂರಿದ ಮೇಲೆ ಉಳಿದ ರಾಶಿಯನ್ನಷ್ಟೇ ಅಳೆದು ಫಸಲು ಭರ್ಜರಿ ಎಂದರೆ ಯಾವ ರೈತ ಒಪ್ಪುತ್ತಾನೆ? ಸಾಲದ್ದಕ್ಕೆ, ಬುದ್ಧಿವಂತರನ್ನೇ ಆರಿಸಿ ಒಳಗೆ ಬಿಟ್ಟುಕೊಂಡ ಕಾಲೇಜು ಅವರ ಗೆಲುವನ್ನೆಲ್ಲ ತನ್ನ ಖಾತೆಗೆ ಬರೆದುಕೊಳ್ಳುತ್ತದೆ.

ಹೆಸರಿಗಿಂತ ಕಲಿಸುವ ರೀತಿ ಮುಖ್ಯ ಎಂಬುದಕ್ಕೆ ನನಗೆ ಹೆಚ್ಚು ಪ್ರಿಯವಾದ ಉದಾಹರಣೆ ನ್ಯೂ ಆರ್ಲಿಯನ್ಸ್‌ನ ಝೇವಿಯರ್ ವಿಶ್ವವಿದ್ಯಾಲಯ. ಕ್ಯಾಥರಿನ್ ಡ್ರೆಕ್ಸೆಲ್ ಎಂಬ ಕ್ರೈಸ್ತ ಸಂನ್ಯಾಸಿನಿ ಕಪ್ಪು ಜನರಿಗಾಗಿ ಕಟ್ಟಿದ ಸಂಸ್ಥೆ, 1925ರಲ್ಲಿ ವಿಶ್ವವಿದ್ಯಾಲಯವಾಯಿತು. ಸಿರಿವಂತಿಕೆಯಿಲ್ಲ, ರ‍್ಯಾಂಕಿಂಗ್ ಪಟ್ಟಿಗಳ ತುದಿಯಲ್ಲಿ ಹೆಸರಿಲ್ಲ. ಹಾಗಿದ್ದೂ ಅಲ್ಲಿಂದ ಹೋಗಿ ಡಾಕ್ಟರಾದ ಕಪ್ಪು ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಅದು ಬಹುಕಾಲ ದೇಶಕ್ಕೇ ಮೊದಲು. ಅಲ್ಲಿಗೆ ಬರುವ ಎಷ್ಟೋ ಮಕ್ಕಳು ಓದಿದ್ದು ಸೌಲಭ್ಯವಿಲ್ಲದ ಶಾಲೆಗಳಲ್ಲಿ. ಅವರನ್ನು ಗುಂಪುಗುಂಪಾಗಿ ಕೂರಿಸಿ ರಸಾಯನಶಾಸ್ತ್ರ ತಿದ್ದುತ್ತಾರೆ, ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡುತ್ತಾರೆ. ಪಕ್ಕದವನನ್ನು ಹಿಂದೆ ಹಾಕುವ ಪೈಪೋಟಿಗೆ ಅಲ್ಲಿ ಮರ್ಯಾದೆ ಕಡಿಮೆ.

ಮೊಮ್ಮಗಳಿಗೆ ಕಾಲೇಜು ನೋಡಲು ಹೊರಟವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅರ್ಜಿ ಹಾಕಿದವರಲ್ಲಿ ಎಷ್ಟು ಮಂದಿಗೆ ಸೀಟು ಸಿಕ್ಕಿತೆಂದು ಕೇಳಬೇಡಿ. ಮೊದಲ ವರ್ಷ ಡಾಕ್ಟರಾಗುತ್ತೇನೆಂದು ಬಂದವರಲ್ಲಿ ಅರ್ಜಿಯವರೆಗೆ ಉಳಿದವರೆಷ್ಟು ಎಂದು ಕೇಳಿ.