ಕಳಲೆಯಿಂದ ಮೈಸೂರಿಗೆ ಸೈಕಲ್‌ನಲ್ಲಿ: ಮೂರು ದಿನದ ಒಂದು ಪ್ಲಾನ್

ಕಳಲೆ ಅಂದ ತಕ್ಷಣ ಮಲೆನಾಡಿನವರಿಗೆ ಬಿದಿರಿನ ಮೊಳಕೆಯ ಪಲ್ಯ ನೆನಪಾಗುತ್ತೆ. ನಾನು ಇವತ್ತು ಹೇಳ್ತಿರೋದು ಪಲ್ಯದ ವಿಷಯ ಅಲ್ಲ. ನಂಜನಗೂಡಿನ ಪಕ್ಕದಲ್ಲಿರುವ ಕಳಲೆ ಅನ್ನೋ ಊರು, ಅಲ್ಲಿಂದ ಮೈಸೂರಿನವರೆಗೆ ಸೈಕಲ್ ಪ್ರವಾಸ ಹೇಗೆ ಪ್ಲಾನ್ ಮಾಡೋದು ಅನ್ನೋದು ಇವತ್ತಿನ ಮಾತು.

ಸೈಕಲ್ ಪ್ರವಾಸ ಅಂದ್ರೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರೋದು ಫ್ರಾನ್ಸ್. ಅಲ್ಲಿ ಲುವಾರ್ ನದಿಯ ಪಕ್ಕದಲ್ಲೇ ಸುಮಾರು 900 ಕಿಲೋಮೀಟರ್ ಉದ್ದದ ಸೈಕಲ್ ದಾರಿ ಇದೆ. ದಾರಿಯುದ್ದಕ್ಕೂ ಹಳೇ ಅರಮನೆಗಳು, ಸಣ್ಣ ಊರುಗಳು. ಒಂದು ಕಾಲದಲ್ಲಿ ಫ್ರಾನ್ಸ್‌ನ ರಾಜರು ಆ ನದಿ ದಂಡೆಯಲ್ಲೇ ಇದ್ದುಕೊಂಡು ರಾಜ್ಯ ಆಳುತ್ತಿದ್ದರು. 1528ರಲ್ಲಿ ಒಂದನೇ ಫ್ರಾನ್ಸಿಸ್ ದೊರೆ ಇನ್ನು ಪ್ಯಾರಿಸ್ ಕಡೆಯೇ ಇರ್ತೀನಿ ಅಂತ ತೀರ್ಮಾನ ಮಾಡಿದ. ಅಧಿಕಾರ ದೊಡ್ಡ ಊರಿಗೆ ಹೋಯಿತು, ಅರಮನೆಗಳು ಹಳ್ಳಿಗಾಡಲ್ಲೇ ಉಳಿದವು. ಇವತ್ತು ಸೈಕಲ್ ತುಳಿಯೋರು ಅದನ್ನೇ ನೋಡೋಕೆ ಹೋಗ್ತಾರೆ.

ಈಗ ನಮ್ಮ ಕಳಲೆಗೆ ಬನ್ನಿ. ಮೈಸೂರು ಸಂಸ್ಥಾನದ ದಳವಾಯಿಗಳಲ್ಲಿ ಹಲವರು ಈ ಊರಿನ ಮನೆತನದವರು. 18ನೇ ಶತಮಾನದ ನಡುವಿನ ಹೊತ್ತಿಗೆ ದೇವರಾಜಯ್ಯ, ನಂಜರಾಜಯ್ಯ ಅನ್ನೋ ಅಣ್ಣತಮ್ಮಂದಿರ ಕೈಯಲ್ಲೇ ಸಂಸ್ಥಾನದ ಆಡಳಿತ ಇತ್ತು. ಪಟ್ಟದಲ್ಲಿ ಒಡೆಯರು ಇದ್ದರೂ ಸೈನ್ಯ, ಹಣ ಎರಡೂ ದಳವಾಯಿಗಳ ಹಿಡಿತದಲ್ಲಿ. 1761ರ ಹೊತ್ತಿಗೆ ಆ ಹಿಡಿತ ಹೈದರಾಲಿಗೆ ಹೋಯಿತು. ಮೈಸೂರು ಅರಮನೆ ನೋಡೋಕೆ ಜನ ಕ್ಯೂ ನಿಲ್ತಾರೆ, ಆದರೆ ಆ ರಾಜ್ಯವನ್ನ ನಡೆಸಿದವರ ಊರಿನ ಕಡೆ ತಿರುಗೋರು ಕಮ್ಮಿ. ಕಾರಲ್ಲಿ ಬಂದೋರು ನಂಜನಗೂಡು ದೇವಸ್ಥಾನ ನೋಡಿ ನೇರ ಊಟಿ ರಸ್ತೆ ಹಿಡೀತಾರೆ. ಅದಕ್ಕೇ ನನ್ನ ಮೊದಲ ಸಲಹೆ: ಮೈಸೂರಿಂದ ಹೊರಡಬೇಡಿ, ಕಳಲೆಯಿಂದ ಮೈಸೂರಿಗೆ ಬನ್ನಿ. ಚರಿತ್ರೆ ನಡೆದ ದಿಕ್ಕಿನಲ್ಲೇ ನೀವೂ ಹೋದ ಹಾಗಾಗುತ್ತೆ.

ಮೈಸೂರಿಂದ ನಂಜನಗೂಡಿಗೆ ಇಪ್ಪತ್ತಮೂರು, ಇಪ್ಪತ್ತನಾಲ್ಕು ಕಿಲೋಮೀಟರ್ ಅಷ್ಟೇ. ಆದರೂ ಆ ಹೆದ್ದಾರಿಯಲ್ಲಿ ಸೈಕಲ್ ಬೇಡ. ಕಾರ್ಖಾನೆ ಲಾರಿಗಳು, ಊಟಿ ಕಾರುಗಳು, ಎಲ್ಲಾ ಅದರಲ್ಲೇ. ರೈಲಲ್ಲಿ ಸೈಕಲ್‌ನ ಲಗೇಜ್ ಆಗಿ ಬುಕ್ ಮಾಡೋ ಪದ್ಧತಿ ಇದೆ, ಆದರೆ ಪ್ರತಿ ರೈಲಿಗೂ ಬ್ರೇಕ್ ವ್ಯಾನ್ ಇರಲ್ಲ, ಹಿಂದಿನ ದಿನವೇ ಸ್ಟೇಷನ್‌ನಲ್ಲಿ ವಿಚಾರಿಸಿ. ನಾಲ್ಕು ಜನ ಇದ್ರೆ ಒಂದು ಲಗೇಜ್ ಆಟೊ ಮಾಡ್ಕೊಳ್ಳೋದು ಇನ್ನೂ ಸುಲಭ.

ಶನಿವಾರ ಬೆಳಿಗ್ಗೆ ಆರೂವರೆಗೆ ಕಳಲೆ. ಲಕ್ಷ್ಮೀಕಾಂತ ಸ್ವಾಮಿ ದೇವಸ್ಥಾನ ನೋಡಿ, ಊರಿನ ಬೀದಿಯಲ್ಲಿ ಒಂದು ಸುತ್ತು ಹಾಕಿ. ಅಲ್ಲಿಂದ ನಂಜನಗೂಡು ಐದಾರು ಕಿಲೋಮೀಟರ್. ತಿಂಡಿ ಅಲ್ಲೇ. ಕಪಿಲೆಯ ಮೇಲಿನ ಹಳೇ ಸೇತುವೆ ತಪ್ಪದೇ ನೋಡಿ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು ಅಂತ ಹೇಳ್ತಾರೆ. ಕಲ್ಲಿನ ಆ ಸೇತುವೆ ಮೇಲೆ ರಸ್ತೆ ಜತೆಗೆ ಮುಂದೆ ರೈಲೂ ಓಡಿತು. ಬ್ರಾಡ್‌ಗೇಜ್ ಬಂದಮೇಲೆ ಅದಕ್ಕೆ ವಿಶ್ರಾಂತಿ. ರಸಬಾಳೆ ಸಿಕ್ಕಿದ್ರೆ ಬಿಡಬೇಡಿ. ಸೊರಗು ರೋಗದಿಂದ ಆ ತೋಟಗಳು ತುಂಬಾ ಕಮ್ಮಿಯಾಗಿವೆ, ಹಾಗಾಗಿ ನಂಜನಗೂಡಲ್ಲೇ ಅದು ಅಪರೂಪ.

ಅಲ್ಲಿಂದ ಸುತ್ತೂರಿನ ಮೇಲೆ ತಿ. ನರಸೀಪುರ. ಒಟ್ಟು ಮೂವತ್ತು ಕಿಲೋಮೀಟರ್ ಆಸುಪಾಸು. ಗದ್ದೆ, ತೆಂಗು, ನಾಲೆ, ಹೆಚ್ಚಿನ ಏರು ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸುತ್ತೂರು ಮಠ ತಲುಪಿದ್ರೆ ದಾಸೋಹದಲ್ಲಿ ಊಟ ಆಗುತ್ತೆ. ಹನ್ನೆರಡರಿಂದ ಮೂರರ ತನಕ ಸೈಕಲ್ ಮುಟ್ಟಬೇಡಿ. ನಮ್ಮ ಬಿಸಿಲಲ್ಲಿ ಕಿಲೋಮೀಟರ್ ಲೆಕ್ಕ ಹಾಕಿ ಪ್ಲಾನ್ ಮಾಡಿದ್ರೆ ಆಗಲ್ಲ, ನೆರಳಿನ ಲೆಕ್ಕ ಹಾಕಬೇಕು.

ರಾತ್ರಿ ತಿ. ನರಸೀಪುರದಲ್ಲಿ ಉಳಿಯೋದು. ಕಪಿಲೆ ಕಾವೇರಿಗೆ ಸೇರೋ ಜಾಗ, ಗುಂಜಾ ನರಸಿಂಹ ಸ್ವಾಮಿ ದೇವಸ್ಥಾನ. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಇಲ್ಲಿಯವರು ಹೇಳ್ತಾರಲ್ಲ, ಆ ಕ್ಷೇತ್ರ ಇದೇ. ನದಿ ನೋಡಿ, ಆದರೆ ಸುಸ್ತಾಗಿದೆ ಅಂತ ಗೊತ್ತಿಲ್ಲದ ಕಡೆ ನೀರಿಗೆ ಇಳೀಬೇಡಿ. ಸೆಳೆತ ಮೇಲಿಂದ ಕಾಣಲ್ಲ.

ಲಾಡ್ಜ್‌ಗೆ ಮೊದಲೇ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: ರಾತ್ರಿ ಸೈಕಲ್‌ನ ಒಳಗೆ ಇಡೋಕೆ ಜಾಗ ಇದೆಯಾ? ಫ್ರಾನ್ಸ್‌ನಲ್ಲಿ ಇದಕ್ಕೇ ಒಂದು ಗುರುತಿನ ಚೀಟಿ ಇದೆ, ‘ಅಕ್ಕೋಯ್ ವೆಲೊ’ ಅಂತ. ಸೈಕಲ್ ದಾರಿಯಿಂದ ಐದು ಕಿಲೋಮೀಟರ್ ಒಳಗೆ ಇರಬೇಕು, ಸೈಕಲ್ ಭದ್ರವಾಗಿ ಇಡೋಕೆ ಜಾಗ, ರಿಪೇರಿ ಸಾಮಾನು ಇರಬೇಕು. ಅಂಥ ಹೋಟೆಲ್, ಮನೆಗಳಿಗೆ ಆ ಫಲಕ ಕೊಡ್ತಾರೆ. ದೊಡ್ಡ ಖರ್ಚಿನ ವಿಷಯ ಏನಲ್ಲ ಇದು.

ಭಾನುವಾರ ಬೆಳಿಗ್ಗೆ ಸೋಮನಾಥಪುರ, ಸುಮಾರು ಹತ್ತು ಕಿಲೋಮೀಟರ್. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯ. ಬೇಲೂರು, ಹಳೇಬೀಡಿನ ಜತೆ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹೊರಗೋಡೆಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಅನ್ನೋ ಶಿಲ್ಪಿಯ ಹೆಸರು ಹುಡುಕಿ, ಮಕ್ಕಳಿದ್ರೆ ಒಳ್ಳೇ ಆಟ. ಹನ್ನೊಂದಕ್ಕೆ ಬಿಟ್ಟು ಬನ್ನೂರಲ್ಲಿ ಊಟ, ವಿಶ್ರಾಂತಿ. ಮೂರಕ್ಕೆ ಹೊರಟ್ರೆ ಇಪ್ಪತ್ತೈದು ಕಿಲೋಮೀಟರ್ ತುಳಿದು ಕತ್ತಲಾಗೋ ಮೊದಲು ಮೈಸೂರು.

ಈ ಇಡೀ ಪ್ರವಾಸದಲ್ಲಿ ಕಷ್ಟದ ಭಾಗ ಹಳ್ಳಿ ರಸ್ತೆ ಅಲ್ಲ, ನಗರದೊಳಗೆ ಬರೋ ಕೊನೇ ಆರೇಳು ಕಿಲೋಮೀಟರ್. ಅದಕ್ಕೇ ಭಾನುವಾರ ಇಟ್ಟಿದ್ದು. ಆಫೀಸು, ಸ್ಕೂಲಿನ ಗಾಡಿ ಇರಲ್ಲ. ರಿಂಗ್ ರೋಡ್ ಹತ್ತಿರ ಇಳಿದು ಸೈಕಲ್ ತಳ್ಳಿಕೊಂಡು ದಾಟಿ. ಅದರಲ್ಲಿ ಮರ್ಯಾದೆ ಹೋಗೋದೇನೂ ಇಲ್ಲ. ಸಂಜೆ ಏಳಕ್ಕೆ ಅರಮನೆಗೆ ದೀಪ ಹತ್ತುತ್ತೆ, ಅದೂ ಭಾನುವಾರದ ಲಾಭ. ಕಳಲೆ ನೋಡಿ ಬಂದ ಕಣ್ಣಿಗೆ ಅರಮನೆ ಬೇರೇ ಥರ ಕಾಣುತ್ತೆ.

ಸೋಮವಾರ ಬೆಳಿಗ್ಗೆ ಆರರಿಂದ ಎಂಟು ಊರೊಳಗೆ ತುಳಿಯಿರಿ: ಕುಕ್ಕರಹಳ್ಳಿ ಕೆರೆ, ದೇವರಾಜ ಮಾರುಕಟ್ಟೆ. ಪ್ಯಾರಿಸ್‌ನಲ್ಲಿ 2007ರಲ್ಲಿ ಸಾರ್ವಜನಿಕ ಸೈಕಲ್ ಬಂತು, ಮೈಸೂರಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’. ಸೈಕಲ್ ನಮ್ಮೂರಿಗೆ ಹೊಸದೇನಲ್ಲ.

ಇನ್ನು ಕೆಲವು ಸಣ್ಣ ಮಾತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ, ಆದರೆ ಅದೇ ಸುಗ್ಗಿ ಕಾಲ. ಹುರುಳಿ, ರಾಗಿ ಹುಲ್ಲನ್ನ ಒಕ್ಕಣೆಗೆ ರಸ್ತೆ ಮೇಲೇ ಹಾಸಿರ್ತಾರೆ. ಸೈಕಲ್ ಜಾರುತ್ತೆ, ಚೈನಿಗೆ ಸುತ್ತಿಕೊಳ್ಳುತ್ತೆ. ಇಳಿದು ನಡೀರಿ. ಒಕ್ಕಣೆ ಮಾಡೋರ ಜತೆ ಎರಡು ಮಾತಾಡಿ, ಮುಂದಿನ ದಾರಿಯೂ ಗೊತ್ತಾಗುತ್ತೆ. ಗೇರ್ ಸೈಕಲ್ ಇದ್ರೆ ಎರಡು ಟ್ಯೂಬ್ ಜತೆಗೇ ಇರಲಿ. ಹಳ್ಳಿ ಪಂಕ್ಚರ್ ಅಂಗಡಿಯಲ್ಲಿ ಸಾದಾ ಸೈಕಲ್ಲಿನ ಟ್ಯೂಬ್ ಸಿಗುತ್ತೆ, ತೆಳು ಟಯರಿನದ್ದು ಸಿಗೋದು ಕಷ್ಟ. ನಾಲೆ ಏರಿ ಮೇಲೆ ಕತ್ತಲಲ್ಲಿ ಬೇಡವೇ ಬೇಡ, ತಡೆಗೋಡೆ ಇರಲ್ಲ. ಹೆಣ್ಣುಮಕ್ಕಳು ಹೊರಟಿದ್ರೆ ಶೌಚಾಲಯ ಎಲ್ಲೆಲ್ಲಿ ಅಂತ ಮೊದಲೇ ಬರೆದುಕೊಳ್ಳಿ: ನಂಜನಗೂಡು, ನರಸೀಪುರದ ಬಸ್ ಸ್ಟ್ಯಾಂಡ್, ಸುತ್ತೂರು, ಸೋಮನಾಥಪುರ. ನಡುವೆ ಇರೋ ಅಂತರ ನೋಡಿ ಆಮೇಲೆ ಹೊರಡೋ ಟೈಮು ಇಟ್ಟುಕೊಳ್ಳಿ.

ಲುವಾರ್ ದಂಡೆಯಲ್ಲಿ ಇರೋದು, ನಮ್ಮಲ್ಲಿ ಇಲ್ಲದ್ದು ಏನು? ನದಿ ನಮಗಿದೆ, ಗುಡಿ ಇದೆ, ಅದಕ್ಕಿಂತ ಹಳೇ ಕಥೆಗಳಿವೆ. ಇಲ್ಲದಿರೋದು ಒಂದು ದಾರಿ ಫಲಕ, ಕುಡಿಯೋ ನೀರು, ಸೈಕಲ್ ನಿಲ್ಲಿಸೋಕೆ ನೆರಳು. ಒಂದು ಪಂಚಾಯ್ತಿ ಮನಸ್ಸು ಮಾಡಿದ್ರೆ ಆಗೋ ಕೆಲಸ ಇದು. ಆದರೆ ಯಾರೂ ಬರದ ದಾರಿಗೆ ಫಲಕ ಹಾಕಿ ಅಂತ ಯಾರನ್ನ ಕೇಳೋಣ? ಮೊದಲು ನಾಲ್ಕು ಜನ ಹೋಗಬೇಕು, ಅಲ್ಲಿನ ಹೋಟೆಲಲ್ಲಿ ತಿನ್ನಬೇಕು, ಅಂಗಡಿಯಲ್ಲಿ ಕೊಳ್ಳಬೇಕು. ಈ ಚಳಿಗಾಲದಲ್ಲಿ ಒಂದು ಶನಿವಾರ ಬಿಡುವು ಮಾಡ್ಕೊಳ್ಳಿ.